ನಿಲ್ಲುವುದರ ಬೆಲೆ

ಓಡುವುದನ್ನು ಕಲಿತ ಮಾನವನು ಅದರೊಡನೆಯೇ ನಿಲ್ಲುವುದನ್ನೂ ಕಲಿಯಬೇಕಾಯಿತು. ಚಕ್ರವನ್ನು ಕಂಡುಹಿಡಿದವನನ್ನು ಲೋಕವೆಲ್ಲ ಹೊಗಳುತ್ತದೆ. ಉರುಳುವ ಚಕ್ರವನ್ನು ಮೊದಲ ಬಾರಿಗೆ ಹಿಡಿದು ನಿಲ್ಲಿಸಿದವನನ್ನು ಯಾರೂ ನೆನೆಯುವುದಿಲ್ಲ. ಆದರೆ ಹೇರು ತುಂಬಿದ ಗಾಡಿಯನ್ನು ಇಳಿಜಾರಿನಲ್ಲಿ ಇಳಿಸಿದ ರೈತನನ್ನು ಕೇಳಿದರೆ, ಎರಡನೆಯವನ ಉಪಕಾರವು ಮೊದಲನೆಯವನ ಉಪಕಾರಕ್ಕಿಂತ ಕಡಿಮೆಯದಲ್ಲವೆಂದು ಅವನು ಒಡನೆಯೇ ಹೇಳುವನು. ಏರುವಾಗ ಎತ್ತಿನ ಬಲ ಬೇಕು. ಇಳಿಯುವಾಗ ತಡೆಯ ಬಲ ಬೇಕು. ಮೊದಲನೆಯದು ಇಲ್ಲದಿದ್ದರೆ ಗಾಡಿ ಹೊರಡುವುದಿಲ್ಲ, ಅಷ್ಟೆ. ಎರಡನೆಯದು ಇಲ್ಲದಿದ್ದರೆ ಹೊರಟ ಗಾಡಿ ಮನೆಗೆ ಮರಳುವುದಿಲ್ಲ.

ಈ ತಡೆಯ ಬಲಕ್ಕೆ ಇಂದು ಹಳ್ಳಿಯಿಂದ ಪಟ್ಟಣದವರೆಗೆ ಎಲ್ಲರೂ ಹೇಳುವ ಹೆಸರು ಬ್ರೇಕು. ಎತ್ತಿನ ಗಾಡಿಗಳ ಸ್ಥಾನವನ್ನು ಬಹುಮಟ್ಟಿಗೆ ಮೋಟಾರು ಸೈಕಲ್ಲುಗಳು ಆಕ್ರಮಿಸಿವೆ. ಮುಂಜಾನೆ ಹಾಲಿನ ಕ್ಯಾನುಗಳನ್ನು ಕಟ್ಟಿಕೊಂಡು ಡೇರಿಗೆ ಹೋಗುವವನು, ಮಗನನ್ನು ಶಾಲೆಗೆ ಬಿಟ್ಟು ಹೊಲಕ್ಕೆ ಹೋಗುವವನು, ನಗರದಲ್ಲಿ ಮನೆ ಮನೆಗೆ ಊಟದ ಪೊಟ್ಟಣಗಳನ್ನು ತಲುಪಿಸುವವನು, ಇವರೆಲ್ಲರ ಬಾಳುವೆಯೂ ಎರಡು ಚಕ್ರಗಳ ಮೇಲೆ ಸಾಗುತ್ತಿದೆ. ಆ ಚಕ್ರಗಳನ್ನು ನಿಲ್ಲಿಸುವ ಭಾರವಾದರೋ ಅಂಗೈಯಲ್ಲಿ ಹಿಡಿಯಬಹುದಾದ ಕೆಲವು ತುಣುಕುಗಳ ಮೇಲೆ ಬಿದ್ದಿದೆ. ಅವು ಸವೆಯುವ ವಸ್ತುಗಳು; ಸವೆದಾಗ ಹೊಸದನ್ನು ಕೊಳ್ಳಬೇಕು. ಅಂಗಡಿಯಲ್ಲಿ ಕಂಪನಿಯ ಮುದ್ರೆಯಿರುವುದಕ್ಕೆ ಒಂದು ಬೆಲೆ. ಹೆಸರನ್ನೇ ಕೇಳದಿರುವುದಕ್ಕೆ ಅದರ ಅರ್ಧಕ್ಕಿಂತ ಕಡಿಮೆ ಬೆಲೆ. ಈ ಅಗ್ಗದ ತುಣುಕನ್ನು ನಂಬಬಹುದೇ? ಪ್ರಶ್ನೆ ಚಿಕ್ಕದಾಗಿ ಕಾಣುತ್ತದೆ. ಆದರೆ ಅದಕ್ಕೆ ಸರಿಯಾದ ಉತ್ತರವನ್ನು ಕೊಡದೆ ರಸ್ತೆಗೆ ಇಳಿದವನು ತನ್ನ ಪ್ರಾಣವನ್ನಲ್ಲದೆ ಪರರ ಪ್ರಾಣವನ್ನೂ ಪಣಕ್ಕೆ ಒಡ್ಡಿದಂತಾಗುತ್ತದೆ.

ಅಗ್ಗದ ವಸ್ತುವನ್ನು ಕಂಡೊಡನೆಯೇ ಮೂಗು ಮುರಿಯುವುದು ನ್ಯಾಯವಲ್ಲ. ಬ್ರೇಕಿನ ಚರಿತ್ರೆಯೇ ಒಂದು ಅಗ್ಗದ ವಸ್ತುವಿನೊಡನೆ ಸೇರಿಕೊಂಡಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಡರ್ಬಿಷೈರ್ ಗುಡ್ಡಗಾಡಿನ ಗಾಡಿಯವರು ಇಳಿಜಾರಿನಲ್ಲಿ ಚಕ್ರವನ್ನು ತಡೆಯಲು ಹಳೆಯ ಬೂಟುಗಳನ್ನು ಬಳಸುತ್ತಿದ್ದರಂತೆ. ಇದನ್ನು ಕಂಡ ಹರ್ಬರ್ಟ್ ಫ್ರೂಡ್ ಎಂಬಾತನು ಇದಕ್ಕಿಂತ ಚೆನ್ನಾಗಿ ಉಜ್ಜಿ ಹಿಡಿಯುವ ವಸ್ತುವೊಂದು ಇರಬಾರದೇಕೆ ಎಂದು ಯೋಚಿಸಿ ಪ್ರಯೋಗಗಳನ್ನು ನಡೆಸಿದನು. ಅವನು 1897ರಲ್ಲಿ ಆರಂಭಿಸಿದ ಉದ್ಯಮವೇ ಮುಂದೆ ಫೆರೋಡೊ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ಗಾಡಿಯವನ ಬೂಟು ಅಗ್ಗದ್ದೇ ಆಗಿತ್ತು. ಆದರೆ ಆ ಬೂಟು ಎಷ್ಟು ಹಿಡಿಯುತ್ತದೆ, ಯಾವಾಗ ಹರಿಯುತ್ತದೆ ಎಂಬುದು ಅವನಿಗೆ ತಿಳಿದಿತ್ತು. ಅವನು ಬಳಸಿದ್ದು ಅಗ್ಗದ ವಸ್ತುವನ್ನು, ಅರಿಯದ ವಸ್ತುವನ್ನಲ್ಲ. ಈ ಎರಡಕ್ಕೂ ಇರುವ ಅಂತರವನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಬ್ರೇಕು ಮಾಡುವ ಕೆಲಸ ಎಷ್ಟು ದೊಡ್ಡದೆಂಬುದನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಯಬಹುದು. ಶಕ್ತಿಗೆ ನಾಶವಿಲ್ಲ, ಅದು ರೂಪವನ್ನು ಮಾತ್ರ ಬದಲಾಯಿಸುತ್ತದೆ ಎಂಬುದು ವಿಜ್ಞಾನದ ಪಾಠ. ಓಡುವ ವಾಹನದ ಚಲನಶಕ್ತಿಯನ್ನು ಬ್ರೇಕು ಘರ್ಷಣೆಯ ಮೂಲಕ ಶಾಖವನ್ನಾಗಿ ಮಾಡಿ ಗಾಳಿಗೆ ಬಿಟ್ಟುಕೊಡುತ್ತದೆ. ಇಬ್ಬರು ಸವಾರರೊಡನೆ 260 ಕಿಲೋಗ್ರಾಂ ತೂಗುವ ಒಂದು ಮೋಟಾರು ಸೈಕಲ್ಲು ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದೆಯೆನ್ನೋಣ. ಆಗ ಅದರ ಚಲನಶಕ್ತಿ ಸುಮಾರು 36,000 ಜೂಲ್‌ಗಳು. ಅದೇ ವಾಹನವು 14 ಮೀಟರ್ ಎತ್ತರದಿಂದ, ಎಂದರೆ ನಾಲ್ಕು ಅಂತಸ್ತಿನ ಕಟ್ಟಡದ ಮೇಲಿನಿಂದ ಬಿದ್ದರೆ ನೆಲವನ್ನು ಮುಟ್ಟುವಾಗ ಅದಕ್ಕಿರುವ ಶಕ್ತಿಯೂ ಇಷ್ಟೇ. ವೇಗವನ್ನು 30 ಕಿಲೋಮೀಟರಿಗೆ ಇಳಿಸಿದರೆ ಶಕ್ತಿಯು ಅರ್ಧವಾಗುವುದಿಲ್ಲ. ನಾಲ್ಕನೆಯ ಒಂದು ಭಾಗವಾಗುತ್ತದೆ. ವೇಗವು ಇಮ್ಮಡಿಯಾದರೆ ಬ್ರೇಕಿನ ಹೊರೆ ನಾಲ್ಮಡಿಯಾಗುತ್ತದೆ ಎಂಬುದು ಇದರ ಅರ್ಥ.

ಇನ್ನೊಂದು ಲೆಕ್ಕವಿದೆ, ಅದು ಇದಕ್ಕಿಂತಲೂ ಎದೆ ನಡುಗಿಸುವಂಥದು. ಒಂದೇ ರಸ್ತೆಯಲ್ಲಿ ಎರಡು ವಾಹನಗಳು ಅದೇ 60 ಕಿಲೋಮೀಟರ್ ವೇಗದಲ್ಲಿ ಅಕ್ಕಪಕ್ಕದಲ್ಲಿ ಬರುತ್ತಿವೆ. ಒಂದೇ ಕ್ಷಣದಲ್ಲಿ ಇಬ್ಬರು ಸವಾರರೂ ಬ್ರೇಕು ಹಿಡಿಯುತ್ತಾರೆ. ಮೊದಲನೆಯ ವಾಹನದ ವೇಗವು ಪ್ರತಿ ಸೆಕೆಂಡಿಗೂ 6 ಮೀಟರಿನಂತೆ ಕಡಿಮೆಯಾಗುತ್ತದೆ. ಎರಡನೆಯದರ ಬ್ರೇಕು ಅಷ್ಟು ಬಿಗಿಯಲ್ಲ. ಅದರ ವೇಗವು ಸೆಕೆಂಡಿಗೆ 4 ಮೀಟರಿನಂತೆ ಕಡಿಮೆಯಾಗುತ್ತದೆ. ಮೊದಲನೆಯದು ಸುಮಾರು 23 ಮೀಟರ್ ದೂರದಲ್ಲಿ ನಿಲ್ಲುತ್ತದೆ. ಎರಡನೆಯದಕ್ಕೆ ಸುಮಾರು 35 ಮೀಟರ್ ಬೇಕು. ವ್ಯತ್ಯಾಸವು ಹನ್ನೆರಡು ಮೀಟರ್ ಮಾತ್ರ ಎಂದು ತೋರಬಹುದು. ಆದರೆ ಮೊದಲನೆಯ ವಾಹನವು ಪೂರ್ಣವಾಗಿ ನಿಂತ ಸ್ಥಳವನ್ನು ದಾಟುವಾಗ ಎರಡನೆಯದು ಇನ್ನೂ ಗಂಟೆಗೆ 34 ಕಿಲೋಮೀಟರಿಗಿಂತ ಹೆಚ್ಚು ವೇಗದಲ್ಲಿ ಓಡುತ್ತಿರುತ್ತದೆ! ಆ ಸ್ಥಳದಲ್ಲಿ ಹಸುವೋ ಮಗುವೋ ನಿಂತಿದ್ದರೆ, ಒಂದು ವಾಹನವು ಅದನ್ನು ಮುಟ್ಟದೆ ನಿಲ್ಲುತ್ತದೆ; ಇನ್ನೊಂದು ಅದನ್ನು ಕೆಡವುತ್ತದೆ. ಒಳ್ಳೆಯ ಬ್ರೇಕಿಗೂ ಸಾಧಾರಣ ಬ್ರೇಕಿಗೂ ಇರುವ ಅಂತರವನ್ನು ರೂಪಾಯಿಗಳಲ್ಲಿ ಎಣಿಸುವವನು ಈ ಲೆಕ್ಕವನ್ನೂ ಒಮ್ಮೆ ಮಾಡಿ ನೋಡಬೇಕು.

ಬ್ರೇಕಿನ ರಚನೆಯಲ್ಲಿ ರಹಸ್ಯವೇನೂ ಇಲ್ಲ. ಡ್ರಮ್ ಬ್ರೇಕಿನಲ್ಲಿ ಚಕ್ರದ ನಡುವೆ ಒಂದು ಲೋಹದ ಬಟ್ಟಲು ಇರುತ್ತದೆ. ಅದರೊಳಗೆ ಅರ್ಧಚಂದ್ರಾಕೃತಿಯ ಎರಡು ಶೂಗಳು. ಶೂಗಳ ಬೆನ್ನಿಗೆ ಲೈನಿಂಗು ಎಂಬ ಪಟ್ಟಿಯನ್ನು ಅಂಟಿಸಿರುತ್ತಾರೆ. ಸವಾರನು ಪೆಡಲನ್ನು ತುಳಿದಾಗ ಶೂಗಳು ಅಗಲವಾಗಿ, ಲೈನಿಂಗು ತಿರುಗುವ ಬಟ್ಟಲನ್ನು ಒಳಗಿನಿಂದ ಒತ್ತಿ ಹಿಡಿಯುತ್ತದೆ. ಕಾಲು ತೆಗೆದೊಡನೆ ಸ್ಪ್ರಿಂಗುಗಳು ಶೂಗಳನ್ನು ಹಿಂದಕ್ಕೆ ಎಳೆದುಕೊಳ್ಳುತ್ತವೆ. ಡಿಸ್ಕ್ ಬ್ರೇಕಿನಲ್ಲಿ ಚಕ್ರದೊಡನೆ ತಿರುಗುವ ಲೋಹದ ತಟ್ಟೆಯನ್ನು ಎರಡು ಪ್ಯಾಡುಗಳು ಇಕ್ಕುಳದಂತೆ ಎರಡು ಕಡೆಯಿಂದಲೂ ಹಿಡಿಯುತ್ತವೆ. ಅಲ್ಲಿ ಬೆರಳಿನ ಒತ್ತಡವನ್ನು ಪ್ಯಾಡಿಗೆ ಮುಟ್ಟಿಸುವುದು ಕೊಳವೆಯೊಳಗಿನ ದ್ರವ. ಮುಚ್ಚಿದ ಪಾತ್ರೆಯಲ್ಲಿನ ದ್ರವದ ಮೇಲೆ ಹಾಕಿದ ಒತ್ತಡವು ಎಲ್ಲ ದಿಕ್ಕುಗಳಿಗೂ ಸಮನಾಗಿ ಹರಡುತ್ತದೆ ಎಂದು ಹದಿನೇಳನೆಯ ಶತಮಾನದಲ್ಲಿ ಬ್ಲೇಸ್ ಪಾಸ್ಕಲ್ ತೋರಿಸಿಕೊಟ್ಟ ನಿಯಮವೇ ಇದರ ಮೂಲ. ಬೈಸಿಕಲ್ಲಿನ ಬ್ರೇಕಿನಲ್ಲಿ ರಬ್ಬರಿನ ತುಂಡು ಚಕ್ರದ ಅಂಚನ್ನು ಉಜ್ಜುವುದನ್ನು ಕಂಡ ವಿದ್ಯಾರ್ಥಿಗೆ ಇವೆರಡನ್ನೂ ಅರ್ಥಮಾಡಿಕೊಳ್ಳುವುದು ಕಷ್ಟವಾಗದು.

ರಹಸ್ಯವಿರುವುದು ಆ ಲೈನಿಂಗಿನಲ್ಲಿ. ನೋಡುವುದಕ್ಕೆ ಅದು ಕಂದು ಅಥವಾ ಕಪ್ಪು ಬಣ್ಣದ ಒಂದು ಗಟ್ಟಿ ಪಟ್ಟಿ. ಆದರೆ ಅದರೊಳಗೆ ನಾರುಗಳು, ಲೋಹದ ಚೂರುಗಳು, ಗ್ರಾಫೈಟು, ರಬ್ಬರಿನ ಪುಡಿ, ಇವೆಲ್ಲವನ್ನೂ ಹಿಡಿದಿಡುವ ರಾಳ, ಹೀಗೆ ಅನೇಕ ವಸ್ತುಗಳು ಅಳತೆಯಾಗಿ ಬೆರೆತಿರುತ್ತವೆ. ಸಾರಿನ ಪುಡಿಯ ಬಣ್ಣವನ್ನು ಯಾರು ಬೇಕಾದರೂ ತರಬಹುದು. ಅದರ ಹದವನ್ನು ತರುವುದು ಕೈ ಪಳಗಿದವರಿಗೆ ಮಾತ್ರ ಸಾಧ್ಯ. ಲೈನಿಂಗಿನ ಮಾತೂ ಹಾಗೆಯೇ. ಅದು ತಣ್ಣಗಿದ್ದಾಗಲೂ ಹಿಡಿಯಬೇಕು, ಕಾದಾಗಲೂ ಹಿಡಿಯಬೇಕು. ಮಳೆಯಲ್ಲಿ ನೆನೆದಾಗ ತೀರ ಜಾರಬಾರದು. ತಾನು ಬೇಗ ಸವೆಯಬಾರದು, ಡ್ರಮ್ಮನ್ನೂ ಸವೆಸಬಾರದು. ಶೂವಿನ ಲೋಹಕ್ಕೆ ಅಂಟಿದ್ದು ಬಿಡಬಾರದು. ಇವುಗಳಲ್ಲಿ ಒಂದೊಂದು ಗುಣವನ್ನು ಬಿಡುತ್ತ ಹೋದಂತೆಲ್ಲ ತಯಾರಿಕೆಯ ಖರ್ಚು ಇಳಿಯುತ್ತದೆ. ಹೊರಗಿನ ರೂಪ ಮಾತ್ರ ಹಾಗೆಯೇ ಉಳಿಯುತ್ತದೆ. ಹಿಂದೆ ಲೈನಿಂಗುಗಳಲ್ಲಿ ಆಸ್ಬೆಸ್ಟಾಸ್ ಎಂಬ ಕಲ್ನಾರನ್ನು ಹೇರಳವಾಗಿ ಬಳಸುತ್ತಿದ್ದರು. ಅದರ ಧೂಳು ಶ್ವಾಸಕೋಶವನ್ನು ಹೊಕ್ಕು ಕ್ಯಾನ್ಸರನ್ನು ತರುತ್ತದೆಂದು ತಿಳಿದ ಮೇಲೆ ಅನೇಕ ತಯಾರಕರು ಅದನ್ನು ತ್ಯಜಿಸಿದರು. ಏನಿದೆಯೆಂದು ಹೇಳದ ಪೊಟ್ಟಣದಲ್ಲಿ ಅದು ಇದೆಯೋ ಇಲ್ಲವೋ ಎಂಬುದನ್ನು ಕಣ್ಣು ಹೇಳಲಾರದು. ಡ್ರಮ್ಮಿನ ಧೂಳನ್ನು ಬಾಯಿಂದ ಊದಿ ತೆಗೆಯುವ ಮೆಕ್ಯಾನಿಕ್ಕಿಗೂ ಅವನ ಬಳಿ ಕೆಲಸ ಕಲಿಯುವ ಹುಡುಗನಿಗೂ ಇದರಿಂದ ಅಪಾಯವುಂಟು.

ಸಪಾಟಾದ ಊರಿನ ಬೀದಿಯಲ್ಲಿ ಎಲ್ಲ ಬ್ರೇಕುಗಳೂ ಒಳ್ಳೆಯವೇ. ಅವುಗಳ ಯೋಗ್ಯತೆ ತಿಳಿಯುವುದು ಘಟ್ಟದಲ್ಲಿ. ಆಗುಂಬೆಯಿಂದ ಸೋಮೇಶ್ವರದ ಕಡೆಗೆ ಇಳಿಯುವ ದಾರಿಯಲ್ಲಿ ಹದಿನಾಲ್ಕು ಕಡಿದಾದ ತಿರುವುಗಳಿವೆ. ಪ್ರತಿಯೊಂದು ತಿರುವಿನಲ್ಲಿಯೂ ವೇಗವನ್ನು ತಗ್ಗಿಸಲೇಬೇಕು. ಲೈನಿಂಗು ಒಂದು ತಿರುವಿನ ಶಾಖದಿಂದ ತಣಿಯುವುದಕ್ಕೆ ಮುಂಚೆಯೇ ಮುಂದಿನ ತಿರುವು ಬರುತ್ತದೆ. ಬಿಸಿ ಏರಿದಂತೆ ಕೆಳದರ್ಜೆಯ ರಾಳವು ಮೆತ್ತಗಾಗಿ ಅನಿಲವನ್ನು ಉಗುಳತೊಡಗುತ್ತದೆ. ಆಗ ಎಷ್ಟು ತುಳಿದರೂ ಬ್ರೇಕು ಹಿಡಿಯದೆ ಜಾರುತ್ತದೆ. ಡಿಸ್ಕ್ ಬ್ರೇಕಿನ ದ್ರವಕ್ಕೂ ಇಂಥದೇ ಪರೀಕ್ಷೆಯಿದೆ. ಆ ದ್ರವವು ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ. ಹೀರಿದಂತೆಲ್ಲ ಅದರ ಕುದಿಯುವ ಬಿಂದು ಇಳಿಯುತ್ತದೆ. ಡಾಟ್ 4 ಎಂಬ ದರ್ಜೆಯ ದ್ರವವು ಹೊಸದಾಗಿದ್ದಾಗ 230 ಡಿಗ್ರಿ ಸೆಲ್ಸಿಯಸ್‌ವರೆಗೂ, ನಿಗದಿಯಾದಷ್ಟು ತೇವವನ್ನು ಹೀರಿದ ಮೇಲೆ 155 ಡಿಗ್ರಿಯವರೆಗೂ ಕುದಿಯಬಾರದೆಂಬುದು ನಿಯಮ. ದ್ರವವು ಕುದಿದು ಕೊಳವೆಯಲ್ಲಿ ಆವಿಯ ಗುಳ್ಳೆಗಳಾದರೆ, ಬೆರಳಿನ ಒತ್ತಡವೆಲ್ಲ ಗುಳ್ಳೆಗಳನ್ನು ಅಮುಕುವುದರಲ್ಲಿಯೇ ಮುಗಿದುಹೋಗುತ್ತದೆ. ಆದುದರಿಂದಲೇ ಅನುಭವಿಯಾದ ಸವಾರನು ಘಟ್ಟವನ್ನು ಇಳಿಯುವಾಗ ಕೆಳಗಿನ ಗೇರಿನಲ್ಲಿ ವಾಹನವನ್ನಿಟ್ಟು, ಎಂಜಿನ್ನಿನಿಂದಲೂ ತಡೆಯ ಕೆಲಸವನ್ನು ಮಾಡಿಸುತ್ತಾನೆ. ಉತ್ತಮವಾದ ಬ್ರೇಕಿಗೂ ಒಂದು ಮಿತಿಯುಂಟೆಂಬುದನ್ನು ಅವನು ಬಲ್ಲನು.

ಇನ್ನು ಅಂಗಡಿಯ ಕಟ್ಟೆಯ ಮುಂದಿನ ಮಾತು. ಬೆಂಗಳೂರಿನ ಜೆ.ಸಿ. ರಸ್ತೆಯಾಗಲಿ, ತಾಲ್ಲೂಕು ಕೇಂದ್ರದ ಬಸ್ ನಿಲ್ದಾಣದ ಹಿಂದಿನ ಓಣಿಯಾಗಲಿ, ವಾಹನದ ಬಿಡಿಭಾಗಗಳನ್ನು ಮಾರುವ ಅಂಗಡಿಗಳಲ್ಲಿ ನಡೆಯುವ ಸಂಭಾಷಣೆ ಬಹುಮಟ್ಟಿಗೆ ಒಂದೇ.

“ಬ್ರೇಕ್ ಶೂ ಕೊಡಿ ಅಣ್ಣ.”

“ಕಂಪನಿದು ಬೇಕೋ, ಲೋಕಲ್ ಸಾಕೋ?”

“ಎರಡಕ್ಕೂ ಏನು ವ್ಯತ್ಯಾಸ?”

“ಕಂಪನಿದು 300 ರೂಪಾಯಿ, ಇದು 120. ಹಿಡಿಯೋದು ಎರಡೂ ಹಿಡಿಯುತ್ತವೆ.”

“ಹಿಡಿಯೋದಾದರೆ ಲೋಕಲ್ಲೇ ಕೊಡಿ.”

ಅಂಗಡಿಯವನು ಸುಳ್ಳು ಹೇಳಲಿಲ್ಲ. ಎರಡೂ ಹಿಡಿಯುತ್ತವೆಂಬುದು ನಿಜ. ಎಷ್ಟು ದೂರದಲ್ಲಿ, ಎಷ್ಟು ಬಿಸಿಯಲ್ಲಿ, ಎಷ್ಟು ದಿನಗಳವರೆಗೆ ಎಂಬ ಮೂರು ಪ್ರಶ್ನೆಗಳನ್ನು ಕೊಳ್ಳುವವನು ಕೇಳಲಿಲ್ಲ, ಮಾರುವವನು ಹೇಳಲಿಲ್ಲ. ಹಾಗೆಂದು ಕೊಳ್ಳುವವನನ್ನು ಜಿಪುಣನೆಂದು ಜರೆಯುವುದು ಸಲ್ಲದು. ಉಳಿದ 180 ರೂಪಾಯಿಗಳು ಅವನ ಪಾಲಿಗೆ ಒಂದು ದಿನದ ಸಂತೆಯ ಖರ್ಚು ಆಗಿರಬಹುದು, ಮಗಳ ನೋಟ್‌ಪುಸ್ತಕಗಳ ಬೆಲೆಯಾಗಿರಬಹುದು. ಬಡತನದಲ್ಲಿ ಎಣಿಸಿ ಖರ್ಚು ಮಾಡುವುದು ದೋಷವಲ್ಲ, ಗುಣ. ದೋಷವಿರುವುದು ಬೆಲೆಯೊಂದನ್ನೇ ತಿಳಿಸಿ ಉಳಿದುದನ್ನು ಮುಚ್ಚಿಡುವ ವ್ಯಾಪಾರದಲ್ಲಿ.

ವಾಸ್ತವವಾಗಿ ಮಾರುಕಟ್ಟೆಯಲ್ಲಿ ಇರುವುದು ಎರಡು ಬಗೆಯಲ್ಲ, ನಾಲ್ಕು ಬಗೆ. ವಾಹನದ ಕಂಪನಿಯೇ ತನ್ನ ಮುದ್ರೆಯೊತ್ತಿ ಮಾರುವುದು ಮೊದಲನೆಯದು. ಬ್ರೇಕಿನ ಭಾಗಗಳನ್ನು ತಯಾರಿಸುವುದನ್ನೇ ಕಸುಬಾಗಿ ಉಳ್ಳ ಕಾರ್ಖಾನೆಗಳು ತಮ್ಮ ಸ್ವಂತ ಹೆಸರಿನಲ್ಲಿ ಮಾರುವುದು ಎರಡನೆಯದು. ಇಂಥ ಕಾರ್ಖಾನೆಗಳಲ್ಲಿ ಕೆಲವು ವಾಹನದ ಕಂಪನಿಗಳಿಗೇ ಬ್ರೇಕುಗಳನ್ನು ಒದಗಿಸುತ್ತವೆ. ಕಂಪನಿಯ ಪೊಟ್ಟಣಕ್ಕಿಂತ ಇವುಗಳ ಪೊಟ್ಟಣದ ಬೆಲೆ ಎಷ್ಟೋ ವೇಳೆ ಕಡಿಮೆಯಿರುತ್ತದೆ. ಇವುಗಳನ್ನು ಅಗ್ಗವೆಂದು ತಿರಸ್ಕರಿಸುವುದು ಅವಿವೇಕ. ತಯಾರಿಸಿದವರ ಹೆಸರು, ಊರು ಯಾವುದೂ ಇಲ್ಲದೆ ಬರುವುದು ಮೂರನೆಯದು. ಪ್ರಸಿದ್ಧ ಕಂಪನಿಯ ಹೆಸರನ್ನೂ ಚಿತ್ರವನ್ನೂ ಕದ್ದು, ಅದೇ ಬಣ್ಣದ ಪೊಟ್ಟಣದಲ್ಲಿ ಬರುವ ನಕಲಿ ಮಾಲು ನಾಲ್ಕನೆಯದು. ಮೂರನೆಯದು ತನ್ನ ವಿಷಯವನ್ನು ಹೇಳದೆ ಮೌನವಾಗಿರುತ್ತದೆ. ನಾಲ್ಕನೆಯದು ಬಾಯಿ ಬಿಟ್ಟು ಸುಳ್ಳು ಹೇಳುತ್ತದೆ. ಈ ಕೊನೆಯದು ಅಗ್ಗವಾಗಿಯೇ ಇರಬೇಕೆಂಬ ನಿಯಮವೂ ಇಲ್ಲ. ಅಸಲಿನ ಬೆಲೆಗೇ ನಕಲಿಯನ್ನು ಕೊಂಡು ಮೋಸಹೋಗುವವರೂ ಉಂಟು. ಆದುದರಿಂದ ಬೆಲೆಯನ್ನು ನೋಡಿ ಗುಣವನ್ನು ನಿರ್ಧರಿಸುವುದು ಎರಡು ದಿಕ್ಕಿನಲ್ಲಿಯೂ ತಪ್ಪು. ಬೆಳ್ಳಗಿರುವುದೆಲ್ಲ ಹಾಲಲ್ಲ, ಅಗ್ಗವಾದುದೆಲ್ಲ ವಿಷವೂ ಅಲ್ಲ.

ಹಾಗಾದರೆ ಪರೀಕ್ಷಿಸಿ ಕೊಳ್ಳಬಾರದೇ ಎಂದು ಕೇಳಬಹುದು. ಮಡಕೆಯನ್ನು ಬೆರಳಿನಿಂದ ಬಡಿದು ಅದರ ನಾದವನ್ನು ಕೇಳಬಹುದು. ತೆಂಗಿನಕಾಯಿಯನ್ನು ಕಿವಿಯ ಬಳಿ ಹಿಡಿದು ಅಲುಗಿಸಿ ನೋಡಬಹುದು. ಅಕ್ಕಿಯ ಕಾಳನ್ನು ಹಲ್ಲಿನಲ್ಲಿ ಕಡಿದು ನೋಡಬಹುದು. ಬ್ರೇಕಿನ ಲೈನಿಂಗಿಗೆ ಇಂಥ ಪರೀಕ್ಷೆ ಯಾವುದೂ ಇಲ್ಲ. ಒಡಕು, ಅಳತೆಯ ತಪ್ಪು, ಓರೆಕೋರೆ, ಇವು ಕಣ್ಣಿಗೆ ಬೀಳಬಹುದು. ಕಾದಾಗ ಅದು ಹೇಗೆ ನಡೆದುಕೊಳ್ಳುವುದೆಂಬುದು ಬೀಳುವುದಿಲ್ಲ. ಅದನ್ನು ಹಾಕಿಕೊಂಡು ತಿಂಗಳುಗಟ್ಟಲೆ ಓಡಾಡಿದರೂ ನಿಜವಾದ ಪರೀಕ್ಷೆ ನಡೆದಂತಾಗುವುದಿಲ್ಲ. ಸಾವಿರ ಬಾರಿ ಸುಮ್ಮನೆ ನಿಲ್ಲಿಸಿದ ಬ್ರೇಕು ಸಾವಿರದ ಒಂದನೆಯ ಬಾರಿ, ತುಂಬು ವೇಗದಲ್ಲಿ, ತುಂಬು ಹೇರಿನಲ್ಲಿ ನಿಲ್ಲಿಸುವುದೇ ಇಲ್ಲವೇ ಎಂಬುದರಲ್ಲಿ ಅದರ ಬೆಲೆಯೆಲ್ಲ ಅಡಗಿದೆ. ಆ ಪರೀಕ್ಷೆಯಲ್ಲಿ ಅನುತ್ತೀರ್ಣನಾದವನಿಗೆ ಎರಡನೆಯ ಅವಕಾಶ ದೊರೆಯುವುದು ದುರ್ಲಭ. ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದರೇನು ಫಲ?

ಕೊಳ್ಳುವವನು ಮಾಡಲಾರದ ಈ ಪರೀಕ್ಷೆಯನ್ನು ಅವನ ಪರವಾಗಿ ಬೇರೆಯವರು ಮಾಡಬೇಕಾಗುತ್ತದೆ. ಅದಕ್ಕಾಗಿಯೇ ಸಮಾಜವು ಕೆಲವು ವ್ಯವಸ್ಥೆಗಳನ್ನು ಮಾಡಿಕೊಂಡಿದೆ. ವಸ್ತುಗಳ ಗುಣಮಟ್ಟವನ್ನು ಗೊತ್ತುಪಡಿಸಲು 1947ರಲ್ಲಿ ಭಾರತೀಯ ಮಾನಕ ಸಂಸ್ಥೆ ಹುಟ್ಟಿತು. 1987ರಲ್ಲಿ ಅದರ ಸ್ಥಾನಕ್ಕೆ ಭಾರತೀಯ ಮಾನಕ ಬ್ಯೂರೋ ಬಂದಿತು, ಐ.ಎಸ್.ಐ. ಮುದ್ರೆ ಇಂದಿಗೂ ಅದರದೇ. ವಾಹನಗಳನ್ನೂ ಅವುಗಳ ಭಾಗಗಳನ್ನೂ ಪರೀಕ್ಷಿಸುವ ಸಂಸ್ಥೆಯೊಂದು 1966ರಿಂದ ಪುಣೆಯಲ್ಲಿದೆ. ಬದಲಿಗೆ ಹಾಕುವ ಲೈನಿಂಗು ಮತ್ತು ಪ್ಯಾಡುಗಳು ವಾಹನದ ಮೂಲ ಭಾಗಗಳಿಗೆ ಸಮೀಪವಾದ ತಡೆಯನ್ನು ಕೊಡುತ್ತವೆಂದು ಪರೀಕ್ಷೆಯಲ್ಲಿ ತೋರಿಸಬೇಕೆಂಬ ನಿಯಮವು ಯೂರೋಪಿನ ದೇಶಗಳಲ್ಲಿದೆ; ಅದನ್ನು ಆರ್ 90 ಎಂದು ಕರೆಯುತ್ತಾರೆ. ಅಲ್ಲಿ ಯಾರೂ ಬೆಲೆಯನ್ನು ವಿಚಾರಿಸುವುದಿಲ್ಲ, ತಡೆಯನ್ನು ಅಳೆಯುತ್ತಾರೆ. ಅಗ್ಗವಾಗಿದ್ದೂ ಅಳತೆಗೆ ನಿಂತದ್ದು ಉತ್ತೀರ್ಣವಾಗುತ್ತದೆ.

ಈ ವ್ಯವಸ್ಥೆಯಿಂದ ಪ್ರಯೋಜನವನ್ನು ಪಡೆಯುವುದು ಕೊಳ್ಳುವವನ ಕೈಯಲ್ಲಿದೆ. ಪೊಟ್ಟಣದ ಮೇಲೆ ತಯಾರಕರ ಹೆಸರು ವಿಳಾಸಗಳಿವೆಯೇ, ತಯಾರಾದ ತಿಂಗಳು ಮತ್ತು ವರ್ಷ ಇದೆಯೇ, ಯಾವ ವಾಹನಕ್ಕೆಂದು ಬರೆದಿದೆಯೇ ಎಂದು ನೋಡುವುದಕ್ಕೆ ಹಣ ಬೇಕಾಗಿಲ್ಲ. ಐ.ಎಸ್.ಐ. ಮುದ್ರೆಯಿದ್ದರೆ ಅದರ ಜೊತೆಗಿರುವ ಪರವಾನಗಿಯ ಸಂಖ್ಯೆ ನಿಜವೇ ಎಂಬುದನ್ನು ಮಾನಕ ಬ್ಯೂರೋದ ಮೊಬೈಲ್ ಆ್ಯಪ್‌ನಲ್ಲಿ ನೋಡಿ ತಿಳಿಯಬಹುದು. ಮುಖ್ಯವಾಗಿ ರಸೀದಿಯನ್ನು ಕೇಳಿ ಪಡೆಯಬೇಕು. ರಸೀದಿ ಕೊಡಲು ಹಿಂಜರಿಯುವ ಮಾಲಿಗೆ ಹಿಂಜರಿಯಲು ಕಾರಣವಿದ್ದೇ ಇರುತ್ತದೆ. 2019ರ ಗ್ರಾಹಕ ರಕ್ಷಣಾ ಕಾಯಿದೆಯು ನಕಲಿ ಸರಕನ್ನು ತಯಾರಿಸಿ ಮಾರುವವರಿಗೆ ಶಿಕ್ಷೆಯನ್ನು ವಿಧಿಸಿದೆ. ಆದರೆ ರಸೀದಿಯಿಲ್ಲದವನು ಯಾರ ಮೇಲೆ ದೂರು ಕೊಟ್ಟಾನು? ಅಸಲಿ ಭಾಗವನ್ನೇ ತಂದರೂ ಅದನ್ನು ಸರಿಯಾಗಿ ಜೋಡಿಸುವ ಕೈ ಬೇಕೆಂಬುದನ್ನೂ ಮರೆಯಬಾರದು. ಲೈನಿಂಗಿಗೆ ತಗುಲಿದ ಒಂದೆರಡು ತೊಟ್ಟು ಎಣ್ಣೆ ಅತ್ಯುತ್ತಮವಾದ ಬ್ರೇಕನ್ನೂ ಕೆಡಿಸಬಲ್ಲದು.

ಭಾರತದ ರಸ್ತೆಗಳಲ್ಲಿ 2022ನೆಯ ವರ್ಷವೊಂದರಲ್ಲಿಯೇ 1,68,491 ಮಂದಿ ಅಪಘಾತಗಳಿಂದ ಮಡಿದರೆಂದು ಕೇಂದ್ರ ಸರ್ಕಾರದ ವರದಿ ತಿಳಿಸುತ್ತದೆ. ಅವರಲ್ಲಿ ನೂರಕ್ಕೆ 44ಕ್ಕಿಂತ ಹೆಚ್ಚು ಮಂದಿ ದ್ವಿಚಕ್ರ ವಾಹನಗಳಲ್ಲಿ ಹೋಗುತ್ತಿದ್ದವರು. ಈ ಸಾವುಗಳೆಲ್ಲ ಬ್ರೇಕಿನ ದೋಷದಿಂದ ಆದುವೆಂದು ಹೇಳಿದರೆ ಅದು ಸತ್ಯಕ್ಕೆ ದೂರ. ಅತಿವೇಗವೇ ಇವುಗಳ ಬಹುದೊಡ್ಡ ಕಾರಣ. ಆದರೆ ವೇಗದ ತಪ್ಪನ್ನು ಕೊನೆಯ ಗಳಿಗೆಯಲ್ಲಿ ತಿದ್ದಬಲ್ಲ ಸಾಧನವೆಂದರೆ ಬ್ರೇಕು ಒಂದೇ. ಅದು ಸವಾರನೊಬ್ಬನ ಸ್ವಂತ ಸೊತ್ತೂ ಅಲ್ಲ. ಹರಕು ಚಪ್ಪಲಿಯನ್ನು ಕೊಂಡವನ ಕಾಲಿಗೆ ಮಾತ್ರ ಮುಳ್ಳು ಚುಚ್ಚುತ್ತದೆ. ಕೆಟ್ಟ ಬ್ರೇಕನ್ನು ಕೊಂಡವನ ತಪ್ಪಿಗೆ, ಆ ಅಂಗಡಿಯನ್ನು ಕಂಡೂ ಅರಿಯದ ದಾರಿಹೋಕನು ದಂಡವನ್ನು ತೆರಬೇಕಾಗಬಹುದು. ಉಳಿತಾಯ ಒಬ್ಬನದು, ನಷ್ಟ ಇನ್ನೊಬ್ಬನದು ಎಂದಾದರೆ ಅದನ್ನು ಉಳಿತಾಯವೆಂದು ಕರೆಯುವುದು ಹೇಗೆ?

ಹಿಂದೆ ಗಾಡಿಯ ಚಕ್ರವನ್ನು ಮಾಡುತ್ತಿದ್ದವನು ಊರಿನ ಬಡಗಿ. ಅದಕ್ಕೆ ಕಬ್ಬಿಣದ ಪಟ್ಟಿಯನ್ನು ತೊಡಿಸುತ್ತಿದ್ದವನು ಊರಿನ ಕಮ್ಮಾರ. ಚಕ್ರವು ದಾರಿಯಲ್ಲಿ ಮುರಿದರೆ ಮಾರನೆಯ ದಿನ ಬೆಳಿಗ್ಗೆ ರೈತನು ಅವರ ಮನೆಯ ಬಾಗಿಲಿಗೆ ಹೋಗಿ ಕೇಳಬಹುದಾಗಿತ್ತು. ಅವರಿಗೂ ಆ ಊರಿನಲ್ಲಿಯೇ ಮುಖವೆತ್ತಿಕೊಂಡು ಬಾಳಬೇಕಾಗಿತ್ತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದೆಂಬುದನ್ನು ಅವರು ಅರಿತಿದ್ದರು. ಇಂದು ಬ್ರೇಕನ್ನು ತಯಾರಿಸುವವನು ಎಲ್ಲಿಯೋ ದೂರದ ಪಟ್ಟಣದಲ್ಲಿರುತ್ತಾನೆ. ಅವನ ಮುಖವನ್ನು ಯಾರೂ ಕಾಣರು. ಆ ಮುಖದ ಬದಲಿಗೆ ನಿಂತಿರುವುದೇ ಪೊಟ್ಟಣದ ಮೇಲಿನ ಹೆಸರು. ಹೆಸರನ್ನು ಬರೆದವನು, “ಇದು ಕೆಟ್ಟರೆ ನನ್ನನ್ನು ಕೇಳಿ” ಎಂದು ಮಾತು ಕೊಟ್ಟಂತೆ. ಹೆಸರನ್ನು ಬರೆಯದವನು ಆ ಮಾತನ್ನು ಕೊಡಲು ಒಪ್ಪಿಲ್ಲ. ತನ್ನ ಸರಕಿಗೆ ತಾನೇ ಹೊಣೆಯಾಗಲು ಒಪ್ಪದವನನ್ನು ಕೊಳ್ಳುವವನು ಏತಕ್ಕಾಗಿ ನಂಬಬೇಕು?

ಆದುದರಿಂದ ಅಗ್ಗದ ಬ್ರೇಕನ್ನು ನಂಬಬಹುದೇ ಎಂಬ ಪ್ರಶ್ನೆಯನ್ನು ಸ್ವಲ್ಪ ತಿದ್ದಿ ಕೇಳುವುದು ಲೇಸು: ಈ ಬ್ರೇಕಿಗೆ ಹೊಣೆಗಾರರು ಯಾರು? ಉತ್ತರ ದೊರೆತರೆ, ಬೆಲೆ ಕಡಿಮೆಯಿದ್ದರೂ ಕೊಳ್ಳಬಹುದು. ಉತ್ತರ ದೊರೆಯದಿದ್ದರೆ, ಬಿಟ್ಟಿಯಾಗಿ ಕೊಟ್ಟರೂ ಅದು ದುಬಾರಿಯೇ. ಎಷ್ಟೇ ಬಡವನಾದರೂ ಮನುಷ್ಯನಿಗೆ ತನ್ನ ಮನೆಯನ್ನು ಸುಖವಾಗಿ ಸೇರುವ ಹಕ್ಕುಂಟು. ಆ ಹಕ್ಕನ್ನು ಕಾಯುವ ವಸ್ತುವು ಎಲ್ಲರ ಕೈಗೂ ಎಟುಕುವ ಬೆಲೆಯಲ್ಲಿ, ತಯಾರಿಸಿದವನ ಹೆಸರನ್ನು ಹೊತ್ತು ದೊರೆಯುವಂತಾಗಬೇಕು. ಅಂಗಡಿಯ ಕಟ್ಟೆಯ ಮುಂದೆ ನಿಂತು ಆ ಹೆಸರನ್ನು ಕೇಳುವ ಒಬ್ಬೊಬ್ಬ ಗ್ರಾಹಕನೂ ಅಂಥ ದಿನವನ್ನು ಒಂದು ಹೆಜ್ಜೆ ಹತ್ತಿರಕ್ಕೆ ತರುತ್ತಾನೆ.